ಮಗಳಿಗೊಂದು ಪತ್ರ: ನಮ್ಮನೆ ಏರು, ನಿನ್ನ ಹೊಸ ಗಾಡಿ

ಪುಟ್ಟಿ,

ಶೋರೂಮಲ್ಲಿ ನೀನು ಆಟೋಮ್ಯಾಟಿಕ್ ಗಾಡಿ ಬುಕ್ ಮಾಡುವಾಗ ನಾನು ದನಿ ಏರಿಸಿ ಆಡಿದ ಮಾತನ್ನ ಮತ್ತೆ ಬರೆಯಲ್ಲ, ಅದು ನಿಂಗೂ ಗೊತ್ತು ನಂಗೂ ಗೊತ್ತು. ಆದ್ರೆ ನೀನು ತಿರುಗಿ ಒಂದು ಮಾತು ಅಂದ್ಯಲ್ಲ, "ನಂಗೆ ಗೇರ್ ಗಾಡಿ ಅಂದ್ರೆ ಭಯ ಆಗೋ ಹಾಗೆ ಮಾಡಿದ್ದೇ ನೀವು ಅಪ್ಪ" ಅಂತ, ಆವತ್ತು ರಾತ್ರಿ ಬಸ್ಸಲ್ಲಿ ತೀರ್ಥಹಳ್ಳಿ ತನಕ ಕಣ್ಣು ಮುಚ್ಚಕ್ಕಾಗ್ಲಿಲ್ಲ. ಶುಕ್ರವಾರ ಡೆಲಿವರಿ ಅಂತ ಅಮ್ಮ ಹೇಳಿದ್ಲು. ಫೋನ್ ಮಾಡಿದ್ರೆ ಮತ್ತೆ ನನ್ನ ದನಿ ಏರತ್ತೆ, ಅದಕ್ಕೇ ಬರೀತಿದೀನಿ.

ಮೊದ್ಲು ಗಾಡಿ ವಿಷಯ. ನೀನು ಆಟೋಮ್ಯಾಟಿಕ್ ತಗೊಂಡಿದ್ದು ಸರಿ. ಇದನ್ನ ಅಲ್ಲೇ, ಆ ಸೇಲ್ಸ್ ಹುಡುಗನ ಎದುರಿಗೇ ಹೇಳ್ಬೇಕಿತ್ತು. ಆವತ್ತು ಬೆಳಿಗ್ಗೆ ಕ್ಯಾಬಲ್ಲಿ ಹೋಗುವಾಗ ನೀನು ಹಿಂದೆ ಕೂತು ಲ್ಯಾಪ್‌ಟಾಪ್ ನೋಡ್ತಿದ್ದೆ, ನಾನು ಮುಂದೆ ಕೂತು ಡ್ರೈವರ್ ಹುಡುಗನ ಎಡಗಾಲನ್ನೇ ನೋಡ್ತಿದ್ದೆ. ಮಾರತಹಳ್ಳಿಯಿಂದ ಸಿಲ್ಕ್ ಬೋರ್ಡ್ ಕಡೆಗೆ ಹೋಗ್ತಾ ಎಷ್ಟು ಸಲ ಕ್ಲಚ್ ಒತ್ತುತಾನೆ ಅಂತ ಎಣಿಸ್ತಾ ಹೋದೆ, 200 ಆದ್ಮೇಲೆ ಬಿಟ್ಟೆ, ಇನ್ನೂ ಅರ್ಧ ದಾರಿ ಇತ್ತು. ಫಸ್ಟು, ಸೆಕೆಂಡು, ಮತ್ತೆ ಫಸ್ಟು. ಥರ್ಡ್ ಗೇರ್ ಬಿದ್ದಿದ್ದು ಎರಡೋ ಮೂರೋ ಸಲ. ನಾನು ಓಡ್ಸಿದ್ದು ಬೇರೆ ರೋಡು. ಶಿವಮೊಗ್ಗಕ್ಕೆ ಬಾಡಿಗೆ ಹೊರಟ್ರೆ ಊರು ದಾಟಿ ಟಾಪಿಗೆ ಹಾಕಿದ್ಮೇಲೆ ಮಂಡಗದ್ದೆ ತನಕ ಎಡಗಾಲಿಗೆ ದೊಡ್ಡ ಕೆಲಸ ಇರ್ತಿರ್ಲಿಲ್ಲ, ಅಷ್ಟಾದ್ರೂ ಈಗ ಮೆಟ್ಟಿಲು ಹತ್ತುವಾಗ ಎಡಗಡೆ ಮಂಡಿ ಕಟಕಟ ಅನ್ನತ್ತೆ. ನೀನು ದಿನಾ ಎರಡು ಹೊತ್ತು ಆ ರೋಡಲ್ಲಿ ಹೋಗೋಳು. ನಿನ್ನ ಮಂಡಿ ನಂಗೆ ಬೇಕು.

ಬಂದ್ಮೇಲೆ ಇಲ್ಲಿ ಗ್ಯಾರೇಜಲ್ಲಿ ಎರಡು ದಿನ ಕೂತು ಕೇಳ್ಕೊಂಡೆ. ಆಟೋಮ್ಯಾಟಿಕ್ಕಲ್ಲೂ ನಾಲ್ಕು ಜಾತಿ ಅಂತೆ, ನಾನು ಎಲ್ಲಾ ಒಂದೇ ಅಂತ ತಿಳ್ಕೊಂಡಿದ್ದೆ. ಟಾರ್ಕ್ ಕನ್ವರ್ಟರ್ ಅನ್ನೋದ್ರಲ್ಲಿ ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಆಯಿಲ್ ಕೆಲಸ ಮಾಡತ್ತೆ, ಸಿವಿಟಿಯಲ್ಲಿ ಫಸ್ಟು ಸೆಕೆಂಡು ಅಂತ ಗೇರೇ ಇಲ್ಲ, ಎರಡು ಪುಲ್ಲಿ ಮಧ್ಯ ಬೆಲ್ಟು, ಡಿಸಿಟಿಯಲ್ಲಿ ಎರಡು ಕ್ಲಚ್ಚು, ಆಫೀಸ್ ಟ್ರಾಫಿಕ್ಕಲ್ಲಿ ತೆವಳ್ತಾ ಇದ್ರೆ ಅದು ಬಿಸಿ ಆಗತ್ತೆ. ನೀನು ಬುಕ್ ಮಾಡಿರೋದು ಎಎಂಟಿ, 2014ರಲ್ಲಿ ಮಾರುತಿ ಸೆಲೆರಿಯೋ ಕಾರಿನ ಜೊತೆ ನಮ್ಮಲ್ಲಿಗೆ ಬಂತಲ್ಲ ಆ ಜಾತಿ. ಅದರ ಒಳಗೆ ಇರೋದು ನಮ್ಮದೇ ಗೇರ್ ಬಾಕ್ಸು, ನಮ್ಮದೇ ಕ್ಲಚ್ ಪ್ಲೇಟು, ಕ್ಲಚ್ ಒತ್ತಿ ಗೇರ್ ಹಾಕೋ ಕೆಲಸ ಮಾತ್ರ ಮಿಷಿನ್ ಮಾಡತ್ತೆ. ಅದಕ್ಕೇ ಬೇರೆಯವಕ್ಕೆ ಗೇರ್ ಗಾಡಿಗಿಂತ ಲಕ್ಷದ ಮೇಲೆ ಜಾಸ್ತಿ ಕೊಡ್ಬೇಕಾದ್ರೂ ಇದಕ್ಕೆ ಜಾಸ್ತಿ ಬೀಳೋದು 50 ಸಾವಿರದ ಆಸುಪಾಸು, ಮೈಲೇಜೂ ಹೆಚ್ಚು ಕಮ್ಮಿ ಗೇರ್ ಗಾಡಿಯಷ್ಟೇ. ಗೇರ್ ಬದಲಾಗುವಾಗ ತಲೆ ಒಂದ್ಸಲ ಮುಂದೆ ಬಂದಂಗಾಗತ್ತೆ, ಅಭ್ಯಾಸ ಆಗತ್ತೆ ಬಿಡು.

ಕ್ಲಚ್ ಪ್ಲೇಟು ಇದೆ ಅಂತ ಗ್ಯಾರೇಜಿನವರು ಅಂದ ಕೂಡ್ಲೇ ನಂಗೆ ನಮ್ಮನೆ ಏರು ನೆನಪಾಯ್ತು.

2017ರ ಮಳೆಗಾಲದ್ದು. ನೀನು ಓಡ್ಸಕ್ಕೆ ಕಲೀತಿದ್ದೆ, ಏರಲ್ಲಿ ಗಾಡಿ ಹಿಂದಕ್ಕೆ ಜಾರಿತು, ನಾನು ಕಿರುಚಿದೆ. ನೀನು ಚಪ್ಪಲಿ ಕೈಲಿ ಹಿಡ್ಕೊಂಡು ನೆನ್ಕೊಂಡು ಮೇಲೆ ಹೋದೆ, ಅಲ್ಲೀವರೆಗೆ ಆಗಿದ್ದು ಇಬ್ಬರಿಗೂ ಗೊತ್ತು. ನಿಂಗೆ ಗೊತ್ತಿಲ್ಲದ್ದು ಆಮೇಲಿಂದು. ನಾನು ಇಳಿದು ಹಿಂದೆ ಹೋಗಿ ನೋಡ್ದೆ. ಎಡಗಡೆ ಹಿಂದಿನ ಚಕ್ರಕ್ಕೂ ತೋಟದ ಅಗಳಕ್ಕೂ ಮಧ್ಯ ನಾಲ್ಕು ಬೆರಳು ಜಾಗ. ಬಗ್ಗಿ ಕೈ ಇಟ್ಟು ನೋಡ್ದೆ, ನಾಲ್ಕೇ ಬೆರಳು. ಕೆಳಗೆ ಆಳೆತ್ತರದ ಅಗಳ, ಕೆಂಪು ನೀರು ತುಂಬಿ ಹರೀತಿತ್ತು. ಅಂಚಿನ ಮಣ್ಣು ಸ್ವಲ್ಪ ಸ್ವಲ್ಪ ಕರಗಿ ಬೀಳ್ತಿತ್ತು. ಆಮೇಲೆ ನಾನೇ ಸೀಟಲ್ಲಿ ಕೂತು ಗಾಡಿ ಎತ್ತಕ್ಕೆ ಹೋದೆ. ಆಫ್ ಆಯ್ತು. ಮತ್ತೆ ಸ್ಟಾರ್ಟ್ ಮಾಡ್ದೆ, ಮತ್ತೆ ಆಫ್. ಕ್ಲಚ್ ಮೇಲೆ ಇಟ್ಟ ಕಾಲು ನಡುಗ್ತಿತ್ತು ಪುಟ್ಟಿ. ಅಂಬಾಸಿಡರಿನ ಸ್ಟೇರಿಂಗ್ ಪಕ್ಕದ ಹ್ಯಾಂಡ್ ಗೇರಲ್ಲಿ ಕಲಿತೋನು, ಆಗುಂಬೆ ಘಾಟಿ ಎಷ್ಟು ಸಲ ಹತ್ತಿದೀನೋ ಲೆಕ್ಕ ಇಲ್ಲ, ನಮ್ಮನೆ ಏರಲ್ಲಿ ಮೂರನೇ ಸಲಕ್ಕೆ ಗಾಡಿ ಎತ್ತಿದೆ. ಅಮ್ಮಂಗೂ ಇದನ್ನ ಹೇಳಿರ್ಲಿಲ್ಲ.

ಇನ್ನೊಂದು ಹೇಳ್ಬೇಕು. ಆವತ್ತು ಗಾಡಿ ನಿಂತಿದ್ದು ನಾನು ಹ್ಯಾಂಡ್ ಬ್ರೇಕ್ ಎಳೆದಿದ್ದಕ್ಕೆ. ಅದನ್ನೇ ನಿಂಗೆ ಕಲಿಸಿರ್ಲಿಲ್ಲ. ಏರಲ್ಲಿ ನಿಂತ ಗಾಡಿ ಎತ್ತಬೇಕಾದ್ರೆ ಮೊದ್ಲು ಹ್ಯಾಂಡ್ ಬ್ರೇಕ್ ಎಳೀಬೇಕು, ಫಸ್ಟ್ ಹಾಕಿ ಕ್ಲಚ್ ನಿಧಾನ ಬಿಡ್ಬೇಕು, ಎಂಜಿನ್ ಸದ್ದು ಸ್ವಲ್ಪ ಕುಗ್ಗಿ ಬಾನೆಟ್ ಒಂಚೂರು ಎದ್ದಂಗಾಗತ್ತೆ, ಆಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಹ್ಯಾಂಡ್ ಬ್ರೇಕ್ ಬಿಟ್ರೆ ಗಾಡಿ ಒಂದಿಂಚೂ ಹಿಂದೆ ಹೋಗಲ್ಲ. ಹೊಸಬರಿಗೆ ಮೊದಲನೇ ವಾರದಲ್ಲೇ ಕಲಿಸ್ಬೇಕಾದ ವಿಷಯ ಇದು. ನಾನು ಯಾವತ್ತೂ ಹಾಫ್ ಕ್ಲಚ್ಚಲ್ಲೇ, ಅಂದ್ರೆ ಕ್ಲಚ್ ಅರ್ಧ ಬಿಟ್ಟು, ಏರಲ್ಲಿ ಗಾಡಿ ಹಿಡಿದು ನಿಲ್ಲಿಸ್ತಿದ್ದೆ, ಅದೇ ಡ್ರೈವಿಂಗ್ ಅಂತ ನಂಬಿದ್ದೆ, ನಿಂಗೂ ಅದನ್ನೇ ಹೇಳ್ಕೊಟ್ಟೆ. 17 ದಿನ ಕಲಿತ ಹುಡುಗಿ ಕಾಲಿಗೆ ಅದು ಬರ್ಲಿಲ್ಲ ಅಂತ ಕಿರುಚಿದೆ. ತಪ್ಪು ನಿಂದಲ್ಲ. ಕಲಿಸಿದೋನದ್ದು. ಲೈಸೆನ್ಸ್ ಕೈಲಿ ಇಟ್ಕೊಂಡು ನೀನು ಇಷ್ಟು ವರ್ಷ ಸ್ಟೇರಿಂಗ್ ಮುಟ್ಲಿಲ್ಲ, ನಾನು ಇಷ್ಟು ವರ್ಷ ಈ ಮಾತು ಹೇಳ್ಲಿಲ್ಲ. ತಪ್ಪಾಯ್ತು ಮಗಳೇ.

ನಾಲ್ಕು ಬೆರಳು ಅಂದ್ನಲ್ಲ, ಈಗ್ಲೂ ಆ ಜಾಗ ದಾಟುವಾಗ ಕಣ್ಣು ಅಲ್ಲಿಗೇ ಹೋಗತ್ತೆ. ಮಳೆ ಜೋರಾಗಿ ಹೊಡೆದ ರಾತ್ರಿ ಎಚ್ಚರ ಆದ್ರೆ ಮೊದ್ಲು ಅದೇ ಕಾಣತ್ತೆ, ಚಕ್ರ, ಮಣ್ಣು, ಕೆಂಪು ನೀರು.

ಅದಕ್ಕೇ ಇದನ್ನ ಗಮನ ಇಟ್ಟು ಓದು. ನಿನ್ನ ಗಾಡೀಲಿ ಕ್ಲಚ್ ಪೆಡಲ್ ಇಲ್ಲ ಅಂತ ಕ್ಲಚ್ ಸವೆಯಲ್ಲ ಅನ್ಕೋಬೇಡ. ಫ್ಲೈಓವರ್ ಏರಲ್ಲಿ ಜಾಮ್ ಆದಾಗ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಗಾಡಿ ಹಿಡಿದು ನಿಲ್ಲಿಸ್ಬೇಡ, ಅದು ನನ್ನ ಹಾಫ್ ಕ್ಲಚ್ ಚಾಳಿನೇ, ಪ್ಲೇಟು ಕಾದು ವಾಸನೆ ಬರತ್ತೆ. ಬ್ರೇಕ್ ಒತ್ತಿ ನಿಲ್ಲು, ಹೊತ್ತಾದ್ರೆ ಹ್ಯಾಂಡ್ ಬ್ರೇಕ್ ಎಳಿ. ಏರಲ್ಲಿ ಬ್ರೇಕಿಂದ ಕಾಲು ತೆಗೆದ್ರೂ ಗಾಡಿ ಹಿಂದೆ ಜಾರದಂಗೆ ಹಿಡಿಯೋ ಹಿಲ್ ಹೋಲ್ಡ್ ಇದೆ ಅಂದ್ರಲ್ಲ, ಅದು ಹಿಡಿಯೋದು ಸುಮಾರು ಎರಡು ಸೆಕೆಂಡು ಅಷ್ಟೇ, ಅಷ್ಟರೊಳಗೆ ಕಾಲು ಆಕ್ಸಿಲರೇಟರಿಗೆ ಹೋಗಿರ್ಬೇಕು. ಎಡಗಾಲನ್ನ ಮೊದಲ ವಾರ ಸೀಟಿನ ಕಡೆಗೆ ಮಡಚಿ ಇಟ್ಕೋ, ಇಲ್ಲದಿದ್ರೆ ಅದು ಕ್ಲಚ್ ಅನ್ಕೊಂಡು ಬ್ರೇಕ್ ತುಳಿಯತ್ತೆ, ಹಿಂದಿನೋನು ಬಂದು ಗುದ್ದುತಾನೆ. ಬ್ಯಾಟರಿ ಡೌನ್ ಆದ್ರೆ ನಾವು ತಳ್ಳಿ ಸೆಕೆಂಡ್ ಗೇರಲ್ಲಿ ಸ್ಟಾರ್ಟ್ ಮಾಡ್ತಿದ್ವಲ್ಲ, ಅದು ಇದ್ರಲ್ಲಿ ಆಗಲ್ಲ, ಬೇರೆ ಗಾಡಿ ಬ್ಯಾಟರಿಯಿಂದ ಕರೆಂಟ್ ತಗೊಳೋ ಜಂಪರ್ ಕೇಬಲ್ ಡಿಕ್ಕೀಲಿ ಇರ್ಲಿ. ಸಿಂಗಲ್ ರೋಡಲ್ಲಿ ಲಾರಿ ಓವರ್‌ಟೇಕ್ ಮಾಡುವಾಗ ಅದು ಗೇರ್ ಇಳಿಸ್ಕೊಳಕ್ಕೆ ಒಂದು ಕ್ಷಣ ತಗೊಳತ್ತೆ, ಆ ಕ್ಷಣ ಲೆಕ್ಕಕ್ಕೆ ಹಿಡ್ಕೊಂಡೇ ಹೊರಗೆ ಬಾ. ಅಜ್ಜಿ ಮನೆಗೆ ಹೆಬ್ರಿಗೆ ಹೋಗುವಾಗ ಆಗುಂಬೆ ಘಾಟಿಯ 14 ತಿರುವನ್ನೂ ಗೇರ್ ತಾನೇ ಬದಲಾಗೋ ಡಿಯಲ್ಲಿಟ್ಟು ಬ್ರೇಕ್ ಒತ್ಕೊಂಡು ಇಳೀಬೇಡ. ಲಿವರನ್ನ ನಾವೇ ಗೇರ್ ಹಾಕೋ ‘ಎಂ’ ಕಡೆಗೆ ತಂದು ಸೆಕೆಂಡ್ ಗೇರಿಗೆ ಹಾಕು, ಎಂಜಿನ್ನೇ ಗಾಡೀನ ಹಿಡಿಯತ್ತೆ, ಬ್ರೇಕ್ ಬಿಸಿ ಆಗಲ್ಲ. ಅಂದ್ರೆ ಗೇರ್ ಯಾವಾಗ ಯಾಕೆ ಬೇಕು ಅನ್ನೋದು ನಿಂಗೂ ಗೊತ್ತಿರ್ಬೇಕು, ಗೇರ್ ಗಾಡಿನೂ ಒಂದ್ಸಲ ನನ್ನ ಜೊತೆ ಓಡ್ಸು ಅಂತ ನಂಗೆ ಆಸೆ, ಲೈಸೆನ್ಸ್ ಎರಡಕ್ಕೂ ಒಂದೇ ಅಲ್ವಾ. ಬೇಡ ಅಂದ್ರೆ ಬೇಡ. ಒತ್ತಾಯ ಇಲ್ಲ.

ನಮ್ಮನೇಲಿ ಇಲ್ಲೀವರೆಗೆ ಹೊಸ ಗಾಡಿ ಬಂದಿಲ್ಲ. ನಾನು ತಂದಿದ್ದೆಲ್ಲ ಇನ್ನೊಬ್ಬರು ಓಡ್ಸಿ ಬಿಟ್ಟಿದ್ದು. ಟ್ಯಾಕ್ಸಿ ಸ್ಟ್ಯಾಂಡಲ್ಲಿ ಎಲ್ಲರಿಗೂ ಹೇಳಿದೀನಿ, ಮಗಳು ಸ್ವಂತ ದುಡ್ಡಲ್ಲಿ ತಗೊಂಡ್ಲು ಅಂತ. ಯಾರೋ ಒಬ್ರು ಆಟೋಮ್ಯಾಟಿಕ್ಕಾ ಅಂತ ರಾಗ ಎಳೆದ್ರು, ಮಾರತಹಳ್ಳಿ ರೋಡಲ್ಲಿ ಒಂದು ದಿನ ಓಡ್ಸಿ ಆಮೇಲೆ ಮಾತಾಡು ಮಾರಾಯ ಅಂದೆ.

ಸೋಮವಾರದಿಂದ ಆ ಏರಲ್ಲಿ ಕೆಲಸ ಮಾಡಿಸ್ತಿದೀನಿ. ಅಗಳದ ಅಂಚಿಗೆ ಜಂಬಿಟ್ಟಿಗೆ ಕಲ್ಲಲ್ಲಿ ಮೊಣಕಾಲೆತ್ತರ ಕಟ್ಟೆ, ಉದ್ದ 20 ಅಡಿ, ನಾಳೆಗೆ ಮುಗಿಯತ್ತೆ. ನೀನು ಬರೋವಾಗ ಮೇನ್ ರೋಡಿಂದ ಒಂದು ಫೋನ್ ಮಾಡು, ಗೇಟ್ ತೆಗೆದಿಟ್ಟಿರ್ತೀನಿ, ಏರಲ್ಲಿ ನೀನು ನಿಲ್ಲೋ ಹಾಗಾಗ್ಬಾರ್ದು. ನಾನು ಮೇಲೆ ಅಂಗಳದಲ್ಲೇ ಇರ್ತೀನಿ, ಕೆಳಗೆ ಬರಲ್ಲ, ಬಲಕ್ಕೆ ಎಡಕ್ಕೆ ಅಂತ ಏನೂ ಕೂಗಲ್ಲ. ಮೇಲೆ ಬಂದ್ಮೇಲೆ ಹ್ಯಾಂಡ್ ಬ್ರೇಕ್ ಎಳೆದೇ ಇಳಿ, ನಿಲ್ಲಿಸಿದ ಗಾಡಿ ಜಾರದಂಗೆ ಹಿಡಿಯೋ ಪಿ, ಅಂದ್ರೆ ಪಾರ್ಕಿಂಗ್, ನಿನ್ನ ಗಾಡೀಲಿ ಇಲ್ಲ.

ಅಪ್ಪ