ಬಿ.ಫಾರ್ಮ: ತರಬೇತಿ ಕಡ್ಡಾಯವಾಗಲಿ

ಮಾನ್ಯ ಸಂಪಾದಕರೇ,

ಭಾರತೀಯ ಫಾರ್ಮಸಿ ಪರಿಷತ್ತಿನ ನಿಯಮಗಳಂತೆ ನಾಲ್ಕು ವರ್ಷಗಳ, ಎಂಟು ಸೆಮಿಸ್ಟರ್‌ಗಳ ಬಿ.ಫಾರ್ಮ ಪದವಿಯಲ್ಲಿ ತರಗತಿಗೆ ಶೇ 80ರಷ್ಟು ಹಾಜರಾತಿ ಕಡ್ಡಾಯ; ಆದರೆ ಆರನೆಯ ಸೆಮಿಸ್ಟರ್ ಮುಗಿದ ಮೇಲೆ ಔಷಧ ಕಾರ್ಖಾನೆ ಅಥವಾ ಆಸ್ಪತ್ರೆಯಲ್ಲಿ ನಾಲ್ಕು ವಾರಗಳಲ್ಲಿ ಪಡೆಯಬೇಕಾದ 150 ಗಂಟೆಗಳ ತರಬೇತಿಯನ್ನು ಮಾತ್ರ ಅಪೇಕ್ಷಣೀಯವೆಂದಷ್ಟೇ ನಮೂದಿಸಲಾಗಿದೆ. ಎರಡು ವರ್ಷಗಳ ಡಿಪ್ಲೊಮಾ ಓದಿದವರು ಅದರ ಜೊತೆಗೆ 500 ಗಂಟೆಗಳ ಪ್ರಾಯೋಗಿಕ ತರಬೇತಿಯನ್ನು ಮುಗಿಸಲೇಬೇಕು. ಇಬ್ಬರೂ ಮುಂದೆ ನೋಂದಾಯಿತ ಫಾರ್ಮಸಿಸ್ಟ್‌ಗಳಾಗಿ ಅದೇ ಔಷಧ ಮಳಿಗೆಯ ಕೌಂಟರಿನಲ್ಲಿ ನಿಲ್ಲುವವರು ಎಂಬುದನ್ನು ನೆನೆದರೆ ಈ ವ್ಯತ್ಯಾಸ ನನಗೆ ತೀರಾ ಅಸಂಗತವೆನಿಸುತ್ತದೆ.

ಏಳನೆಯ ಸೆಮಿಸ್ಟರ್‌ನಲ್ಲಿ 'ಪ್ರಾಕ್ಟೀಸ್ ಸ್ಕೂಲ್' ಎಂಬ ಪ್ರಾಯೋಗಿಕ ಅಭ್ಯಾಸದ ವಿಷಯ ಇದೆಯಲ್ಲ ಎನ್ನಬಹುದು. ಅದು ಆಯ್ದ ಒಂದು ಕ್ಷೇತ್ರಕ್ಕೆ ಸೀಮಿತ. ವೈದ್ಯರ ಚೀಟಿಯನ್ನು ಓದಿ, ಪ್ರಮಾಣವನ್ನು ಪರಿಶೀಲಿಸಿ, ಎರಡು ಔಷಧಗಳು ಪರಸ್ಪರ ಬೀರಬಹುದಾದ ಪರಿಣಾಮವನ್ನು ಗಮನಿಸಿ, ರೋಗಿಗೆ ಅವರ ಭಾಷೆಯಲ್ಲೇ ವಿವರಿಸುವ ಅಭ್ಯಾಸ ಅದರಿಂದ ಎಲ್ಲರಿಗೂ ದೊರೆಯುವುದಿಲ್ಲ. ಆದ್ದರಿಂದ ಪರಿಷತ್ತು ನಿಯಮವನ್ನು ತಿದ್ದುಪಡಿ ಮಾಡಿ ಆಸ್ಪತ್ರೆ ತರಬೇತಿಯನ್ನು ಕಡ್ಡಾಯಗೊಳಿಸಬೇಕು, ಅದಕ್ಕೆ ಕ್ರೆಡಿಟ್ ನೀಡಬೇಕು. ಅಲ್ಲಿಯವರೆಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ತನ್ನ ಫಾರ್ಮಸಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಅವಕಾಶ ದೊರೆಯುವಂತೆ ಆರೋಗ್ಯ ಇಲಾಖೆಯೊಂದಿಗೆ ಮಾತುಕತೆ ನಡೆಸಲಿ.

– ಓರ್ವ ಫಾರ್ಮಸಿ ಅಧ್ಯಾಪಕ, ದಾವಣಗೆರೆ