ಟೈಲ್ಸ್ ಅಡಿ ಸೇರಿದ ವಾಲ್ವ್

ಮಾನ್ಯ ಸಂಪಾದಕರೇ,

ನಾನು ಊರಿನ ನೀರುಗಂಟಿಯಾಗಿದ್ದವನು, ಈಗ ನಿವೃತ್ತ. ನಮ್ಮ ಪುರಸಭೆ ಸಂತೆ ಮೈದಾನದ ರಸ್ತೆಗೆ ಇಂಟರ್‌ಲಾಕ್ ಟೈಲ್ಸ್ ಹಾಕಿಸಿದೆ. ನೋಡಲು ಚೆನ್ನಾಗಿದೆ, ಬೇಡ ಅನ್ನುವುದಿಲ್ಲ. ಆದರೆ ಓವರ್‌ಹೆಡ್ ಟ್ಯಾಂಕ್ ಪಕ್ಕ ಅಗ್ನಿಶಾಮಕ ವಾಹನಕ್ಕೆ ನೀರು ತುಂಬಿಸುವ ಪೈಪಿನ ವಾಲ್ವ್ ಚೇಂಬರ್ ಇತ್ತು. ಅದರ ಮೇಲೂ ಟೈಲ್ಸ್ ಕೂತಿದೆ. ಮುಚ್ಚಳ ಎಲ್ಲಿದೆ ಅಂತ ಈಗ ನನ್ನಂಥ ಹಳಬರಿಗೆ ಮಾತ್ರ ಗೊತ್ತು.

ಸಾಮಾನ್ಯ ಫೈರ್ ಇಂಜಿನ್‌ನಲ್ಲಿ ಹಿಡಿಯುವುದು 4,500 ಲೀಟರ್ ಆಸುಪಾಸು ನೀರು. ಪೂರ್ತಿ ಒತ್ತಡದಲ್ಲಿ ಬಿಟ್ಟರೆ ಕೆಲವೇ ನಿಮಿಷಕ್ಕೆ ಖಾಲಿ. ಕಳೆದ ಬೇಸಿಗೆಯಲ್ಲಿ ರಾಗಿ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಾಗ ಸಿಬ್ಬಂದಿ ಬೇಗನೇ ಬಂದರು, ಪಾಪ. ಎರಡನೇ ಸಲ ನೀರು ತುಂಬಿಸಲು ಊರಾಚೆ ತೋಟದ ಬೋರ್‌ವೆಲ್‌ಗೆ ಹೋದರು. ಅಲ್ಲಿ ಕರೆಂಟ್ ಇರಲಿಲ್ಲ. ಬಣವೆ ಜೊತೆ ಕೊಟ್ಟಿಗೆಯೂ ಹೋಯಿತು. ದನಗಳನ್ನು ಮೊದಲೇ ಬಿಚ್ಚಿದ್ದರು, ಅಷ್ಟೇ ಪುಣ್ಯ.

ಅಗ್ನಿಶಾಮಕ ಠಾಣೆ ರಾಜ್ಯ ಸರ್ಕಾರದ್ದು, ನಮಗೇನು ಸಂಬಂಧ ಅನ್ನುತ್ತಾರೆ ಸದಸ್ಯರು. ಗಾಡಿ ಅವರದು ಸರಿ, ನೀರು ನಮ್ಮದೇ ಅಲ್ವಾ? ಟ್ಯಾಂಕು, ಪೈಪು, ಪಂಪು ಎಲ್ಲಾ ಪುರಸಭೆಯದೇ. ಪಂಪ್‌ಹೌಸಿನ ಜನರೇಟರ್ ಬೇರೆ ಸುಮ್ನೆ ಶೆಡ್‌ನಲ್ಲಿ ಬಿದ್ದಿದೆ. ಅದಕ್ಕೆ ಬ್ಯಾಟರಿ ಹಾಕಿಸಲು ದುಡ್ಡಿಲ್ಲವಂತೆ, ಸ್ವಾಗತ ಕಮಾನಿಗೆ ಮಾತ್ರ ಟೆಂಡರ್ ಆಗಿದೆ.

ದಯವಿಟ್ಟು ನಾಲ್ಕು ಟೈಲ್ಸ್ ಕಿತ್ತು, ಚೇಂಬರ್ ಎತ್ತರಿಸಿ, ಕಬ್ಬಿಣದ ಮುಚ್ಚಳ ಹಾಕಿಸಿ. ಕೆಂಪು ಬಣ್ಣ ಬಳಿದರೆ ಇನ್ನೂ ಒಳ್ಳೆಯದು. ವಾಲ್ವ್ ತಿರುಗಿಸುವ ಕೀ ಒಂದನ್ನು ಠಾಣೆಗೂ ಕೊಡಿ. ಜಾಗ ತೋರಿಸಲು ಕರೆದರೆ ನಾನೇ ಬರುತ್ತೇನೆ.

— ನಿವೃತ್ತ ನೀರುಗಂಟಿ, ತುಮಕೂರು ಜಿಲ್ಲೆ