ಚೀಟಿ ಟಪಾಲಿಗೆ ಬಂದರೆ ಗುಟ್ಟೆಲ್ಲಿ?

ಮಾನ್ಯ ಸಂಪಾದಕರೇ,

ಸರ್ಕಾರಿ ನೌಕರನೊಬ್ಬ ಮನೋವೈದ್ಯರ ಹತ್ತಿರ ಹೋದರೆ ಆ ಸುದ್ದಿ ಕಚೇರಿಗೆ ಮುಟ್ಟುವುದು ಔಷಧಿ ಬಿಲ್ಲಿನ ಮೂಲಕ. ಖರ್ಚು ವಾಪಸ್ ಬೇಕಾದರೆ ವೈದ್ಯರ ಚೀಟಿ ಲಗತ್ತಿಸಲೇಬೇಕು. ಅದು ಟಪಾಲು ಮೇಜಿನಿಂದ ವಿಷಯ ನಿರ್ವಾಹಕರಿಗೆ, ಅಲ್ಲಿಂದ ಸೂಪರಿಂಟೆಂಡೆಂಟರಿಗೆ. ಸಂಜೆ ಟೀ ಹೊತ್ತಿಗೆ ‘ಅವನಿಗೆ ತಲೆ ಸರಿ ಇಲ್ವಂತೆ’ ಅಂತ ಮಾತು ಶುರು. ಹೀಗಾಗಿ ಕೆಲವರು ಬಿಲ್ಲೇ ಹಾಕುವುದಿಲ್ಲ. ಇನ್ನು ಕೆಲವರು ವೈದ್ಯರ ಕಡೆ ತಲೆಯೇ ಹಾಕುವುದಿಲ್ಲ.

ಒತ್ತಡ ಸುಮ್ನೆ ಹೇಳುವ ಮಾತಲ್ಲ. ಕೆಲಸಕ್ಕೆಂದು ಹೇರಿದ ಮೊಬೈಲ್ ಆ್ಯಪ್‌ಗಳ ಹೊರೆ ಇಳಿಸಿ ಎಂದು 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೇ ಕೂತಿದ್ದರು. ಬಸ್ ಚಾಲಕರು, ಪೊಲೀಸರ ಪಾಡಂತೂ ಕೇಳುವುದೇ ಬೇಡ.

ಮಾನಸಿಕ ಆರೋಗ್ಯಕ್ಕೆಂದೇ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ನಿಜ. 2022ರಲ್ಲಿ ಶುರುವಾಯಿತು, ನಿಮ್ಹಾನ್ಸ್ ಬೆಂಬಲವಿದೆ. ದಿನದ 24 ಗಂಟೆಯೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಆದರೆ ಎಷ್ಟು ಕಚೇರಿಗಳ ಸೂಚನಾ ಫಲಕದಲ್ಲಿ ಈ ಸಂಖ್ಯೆ ಕಂಡಿದ್ದೀರಿ? ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ.

ಒಂದು ದಿನದ ಯೋಗ ಶಿಬಿರ, ಗ್ರೂಪ್ ಫೋಟೊ ಇವೆಲ್ಲ ಸಾಕು. ಯಾವ ಇಲಾಖೆಗೂ ಸೇರದ ಆಪ್ತಸಮಾಲೋಚಕರು ಪ್ರತಿ ಜಿಲ್ಲೆಯಲ್ಲೂ ಸಿಗಬೇಕು. ಭೇಟಿಯ ವಿಷಯ ಸೇವಾ ಪುಸ್ತಕಕ್ಕೆ ಏರಬಾರದು. ಇಂಥ ಬಿಲ್ಲುಗಳು ಮುಚ್ಚಿದ ಲಕೋಟೆಯಲ್ಲಿ ಒಬ್ಬರೇ ಅಧಿಕಾರಿಯ ಕೈ ಸೇರಲಿ. ಅದಕ್ಕೊಂದು ಸುತ್ತೋಲೆ ಹೊರಡಿಸಲು ಹೆಚ್ಚು ಖರ್ಚೇನೂ ಇಲ್ಲ, ಅಲ್ವಾ?

— ಒಬ್ಬ ಸರ್ಕಾರಿ ನೌಕರ, ಹಾಸನ